ಬಿದಿರಿನ ಕೊಳಲು ಮತ್ತು ನಮ್ಮೂರಿನ ಮಕ್ಕಳು

(ಸಂಘದ ರಜತ ಮಹೋತ್ಸವದ ಸಂಜೆ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗಿಂತ ಮುಂಚೆ ಮಾತಾಡಿದವರು ಹಾಲಿನ ದರ, ಪಶು ಆಹಾರ, ಮೇವು, ಬೋನಸ್ಸು ಎಲ್ಲಾ ವಿಚಾರ ತಿಳಿಸಿದ್ದಾರೆ. ಅದನ್ನೇ ನಾವು ಮತ್ತೆ ಹೇಳುವುದಿಲ್ಲ. ಸಂಘದ ಕಟ್ಟಡದಲ್ಲಿ ಹೋದ ವರ್ಷದಿಂದ ಸಂಜೆ ಹೊತ್ತು ನಡೀತಾ ಇರುವ ಕೊಳಲಿನ ತರಗತಿ ಬಗ್ಗೆ ಎರಡು ಮಾತು ಹೇಳಿ ಅಂತ ಆಡಳಿತ ಮಂಡಳಿಯವರು ನಮಗೆ ಒಪ್ಪಿಸಿದ್ದಾರೆ. ಯಾಕೆಂದರೆ ಸದಸ್ಯರಲ್ಲಿ ಒಂದು ಪ್ರಶ್ನೆ ಇದೆ. ಮುಖಕ್ಕೆ ಕೇಳಿದವರೂ ಇದ್ದಾರೆ, ಅರಳಿಕಟ್ಟೆ ಮೇಲೆ ಕೂತು ಕೇಳಿದವರೂ ಇದ್ದಾರೆ. ‘ಹಾಲಿನ ಸಂಘಕ್ಕೂ ಕೊಳಲಿಗೂ ಏನಪ್ಪಾ ಸಂಬಂಧ?’ ಅನ್ನೋದೇ ಆ ಪ್ರಶ್ನೆ. ಕೇಳಿದ್ದು ನ್ಯಾಯವೇ. ಸಂಘ ಎಲ್ಲರದ್ದು, ದುಡ್ಡು ಎಲ್ಲರದ್ದು. ಆದ್ದರಿಂದ ಉತ್ತರ ಕೊಡುವುದು ನಮ್ಮ ಕರ್ತವ್ಯ.

ನಾವು ಸಂಗೀತ ವಿದ್ವಾಂಸರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು. ಆದರೆ ಬಿದಿರು ನಮಗೆ ಗೊತ್ತಿಲ್ಲದ ವಸ್ತು ಅಲ್ಲ. ಮಗು ಮಲಗುವ ತೊಟ್ಟಿಲಿನಿಂದ ಕೊನೆಗೆ ಹೊರುವ ಚಟ್ಟದವರೆಗೆ ಬಿದಿರು ನಮ್ಮ ಜೊತೆಗೆ ಇದೆ. ಮೊರ, ಬುಟ್ಟಿ, ಕುಕ್ಕೆ, ಏಣಿ ಎಲ್ಲಾ ಅದೇ. ನಮ್ಮ ತಾಯಂದಿರು ಒಲೆ ಊದುತ್ತಿದ್ದ ಊದುಗೊಳವೆ ಬಿದಿರು. ದನಕ್ಕೆ ಹೊಟ್ಟೆ ಉಬ್ಬರಿಸಿದಾಗ ಔಷಧಿ ಕುಡಿಸುತ್ತಿದ್ದ ಗೊಟ್ಟವೂ ಬಿದಿರು. ಆ ಊದುಗೊಳವೆಗೇ ಏಳು ತೂತು ಸರಿಯಾದ ಜಾಗದಲ್ಲಿ ಬಿದ್ದರೆ ಕೊಳಲು ಅಂತ ತಿಳಿಯಿರಿ. ಒಂದು ತೂತು ಊದುವುದಕ್ಕೆ, ಆರು ತೂತು ಬೆರಳಿಗೆ. ತಂತಿ ಇಲ್ಲ, ಚರ್ಮ ಇಲ್ಲ, ಕರೆಂಟು ಇಲ್ಲ. ಇಷ್ಟು ಕಡಿಮೆ ಸಾಮಾನಿನಲ್ಲಿ ಪೂರ್ತಿ ಸಂಗೀತ ಕೊಡುವ ವಾದ್ಯ ಬೇರೆ ಕಾಣೆವು.

ಬೆಲೆ ಮಾತು ಬಂದರೆ, ಜಾತ್ರೆಯಲ್ಲಿ ಕೋಲಿಗೆ ಸಿಕ್ಕಿಸಿಕೊಂಡು ಮಾರುವ ಕೊಳಲು ಎರಡು ಲೀಟರ್ ಹಾಲಿನ ದುಡ್ಡಿಗೆ ಬರುತ್ತದೆ. ಶ್ರುತಿ ನೋಡಿ ಮಾಡಿದ, ಕಲಿಯುವುದಕ್ಕೆ ತಕ್ಕ ಕೊಳಲಿಗೂ ಒಂದು ಮೂಟೆ ಪಶು ಆಹಾರದಷ್ಟು ಬೆಲೆ ಇಲ್ಲ. ಹಾರ್ಮೋನಿಯಂ, ವೀಣೆ, ಕೀಬೋರ್ಡು ತರಬೇಕಾದರೆ ಸಾಲಕ್ಕೆ ಅರ್ಜಿ ಹಾಕಬೇಕು. ಎರಡು ಹಸು ಕಟ್ಟಿದವನ ಮಗಳಿಗೂ, ಒಂದು ಎಮ್ಮೆ ಕಟ್ಟಿದವನ ಮಗನಿಗೂ ಕೈಗೆಟುಕುವುದು ಕೊಳಲು.

ಅಗ್ಗದ ವಾದ್ಯ ಅಂದರೆ ಕೀಳು ವಾದ್ಯ ಅಂತ ಯಾರೂ ಭಾವಿಸಬಾರದು. ಸೋಮನಾಥಪುರದ ದೇವಸ್ಥಾನ ನೋಡಿದವರು ಇಲ್ಲಿ ಬಹಳ ಜನ ಇದ್ದೀರಿ. ಹೊಯ್ಸಳರ ಕಾಲದಲ್ಲಿ, 13ನೇ ಶತಮಾನದಲ್ಲಿ ಕಟ್ಟಿದ ಆ ಗುಡಿಯಲ್ಲಿ ಮೂರು ಗರ್ಭಗುಡಿ. ಒಂದು ಕೇಶವನದು, ಒಂದು ಜನಾರ್ದನನದು, ಮೂರನೆಯದು ವೇಣುಗೋಪಾಲನದು. ಅಷ್ಟು ಒಡವೆ ಕೆತ್ತಿದ ಶಿಲ್ಪಿ ಆ ದೇವರ ಕೈಗೆ ಕೊಟ್ಟದ್ದು ದನಗಾಹಿಯ ಕೊಳಲನ್ನೇ. ಶಾಲೆಯಲ್ಲಿ ಓದಿದ ಗೋವಿನ ಹಾಡಿನಲ್ಲಿ ಗೊಲ್ಲ ತನ್ನ ಹಸುಗಳನ್ನು ಕರೆಯುವುದೂ ಕೊಳಲು ಊದಿಯೇ. ದನ ಕಟ್ಟುವ ನಮಗೂ ಕೊಳಲಿಗೂ ಏನು ಸಂಬಂಧ ಅಂತ ಕೇಳಿದರೆ, ಮೊದಲ ಸಂಬಂಧ ಅಲ್ಲೇ ಇದೆ.

ಆದರೆ ಬಹಳ ಕಾಲ ವಿದ್ವಾಂಸರ ಕಚೇರಿಯಲ್ಲಿ ಕೊಳಲಿಗೆ ದೊಡ್ಡ ಜಾಗ ಇರಲಿಲ್ಲ. ಆ ಜಾಗ ಮಾಡಿಕೊಟ್ಟವರ ವಿಚಾರ ಮಕ್ಕಳು ಕೇಳಬೇಕು. ತಮಿಳುನಾಡಿನ ಕುಂಭಕೋಣದಲ್ಲಿ ಶರಭ ಶಾಸ್ತ್ರಿಗಳು ಅಂತ ಇದ್ದರು, 1872ರಲ್ಲಿ ಹುಟ್ಟಿದವರು. ಎಳೆ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡರು. ಬರೀ ಕಿವಿಯಿಂದ ಕಲಿತು ಕೊಳಲನ್ನು ಕರ್ನಾಟಕ ಸಂಗೀತದ ಕಚೇರಿಗೆ ತಂದರು. ಅವರ ನಂತರ ಟಿ.ಆರ್. ಮಹಾಲಿಂಗಂ. ಜನ ‘ಮಾಲಿ’ ಅಂತ ಕರೀತಿದ್ದರು. 1926ರಲ್ಲಿ ಹುಟ್ಟಿದ ಈ ಹುಡುಗ ಕೊಳಲನ್ನು ತಾನಾಗಿಯೇ ಕಲಿತು, 1933ರಲ್ಲಿ ಏಳು ವರ್ಷದವನಾಗಿದ್ದಾಗಲೇ ಮದರಾಸಿನ ಮೈಲಾಪುರದಲ್ಲಿ ಕಚೇರಿ ಮಾಡಿದ.

ಉತ್ತರದ ಕಡೆ ಪನ್ನಾಲಾಲ್ ಘೋಷ್. 1911ರಲ್ಲಿ ಈಗಿನ ಬಾಂಗ್ಲಾದೇಶದ ಬಾರಿಸಾಲ್‌ನಲ್ಲಿ ಹುಟ್ಟಿದವರು. ಸಣ್ಣ ಕೊಳಲಿನಲ್ಲಿ ದೊಡ್ಡ ರಾಗ ನಿಧಾನವಾಗಿ, ಗಂಭೀರವಾಗಿ ನುಡಿಸಲು ಆಗುವುದಿಲ್ಲ ಅಂತ ಕಂಡು, ಬೇರೆ ಬೇರೆ ಅಳತೆ ಮಾಡಿ ನೋಡಿ ಸುಮಾರು 32 ಇಂಚಿನ ಉದ್ದ ಕೊಳಲನ್ನು ಬಳಕೆಗೆ ತಂದರು. ಲೋಹದ ಕೊಳವೆಯನ್ನೂ ಪರೀಕ್ಷೆ ಮಾಡಿ ಕಡೆಗೆ ಬಿದಿರಿಗೇ ಬಂದರು. 1960ರಲ್ಲಿ ತೀರಿಕೊಂಡರು. ಇವತ್ತು ಹಿಂದೂಸ್ತಾನಿ ಕೊಳಲು ಅಂದರೆ ಅವರು ಹಾಕಿಕೊಟ್ಟ ದಾರಿಯೇ. ಅವರ ಶಿಷ್ಯರೂ ಅಳಿಯಂದಿರೂ ಆಗಿದ್ದ ದೇವೇಂದ್ರ ಮುರ್ಡೇಶ್ವರ ಅವರು ನಮ್ಮ ಕನ್ನಡ ನಾಡಿನವರು. ಇನ್ನು ಹರಿಪ್ರಸಾದ್ ಚೌರಾಸಿಯಾ ಅವರ ಹೆಸರು ಗೊತ್ತಿಲ್ಲದವರಿಲ್ಲ. ಅವರ ತಂದೆ ಕುಸ್ತಿ ಪೈಲ್ವಾನರು, ಸಂಗೀತಗಾರರ ಮನೆತನ ಅಲ್ಲ.

‘ಹೆಣ್ಣು ಮಕ್ಕಳು ಕೊಳಲು ಊದುವುದು ಚೆಂದವಾ?’ ಅಂತ ಒಬ್ಬರು ಹಿರಿಯರು ಕೇಳಿದರು. ಸಿಕ್ಕಿಲ್ ಸಹೋದರಿಯರು, ಅಂದರೆ ಕುಂಜುಮಣಿ ಮತ್ತು ನೀಲಾ, ಜೀವಮಾನವೆಲ್ಲಾ ಜೊತೆಯಾಗಿ ಕೊಳಲು ನುಡಿಸಿದರು. 2004ರಲ್ಲಿ ಇಬ್ಬರಿಗೂ ಪದ್ಮಶ್ರೀ ಬಂತು. ಇದಕ್ಕಿಂತ ಬೇರೆ ಉತ್ತರ ಬೇಡ. ನಮ್ಮ ತರಗತಿಯಲ್ಲಿ ಚೆನ್ನಾಗಿ ನುಡಿಸುತ್ತಿರುವ ಮೂವರಲ್ಲಿ ಇಬ್ಬರು ಹೆಣ್ಣು ಮಕ್ಕಳೇ.

ಈಗ ಕೆಲಸದ ಮಾತಿಗೆ ಬರೋಣ. ಜಾತ್ರೆಯಲ್ಲಿ ಕೊಳಲು ಕೊಡಿಸಿದ್ದೀರಿ. ಮಗು ಒಂದು ದಿನ ಊದಿತು, ಎರಡು ದಿನ ಊದಿತು, ಮೂರನೇ ದಿನ ಅದು ಸೂರಿನ ಸಂದಿ ಸೇರಿತು. ಮಗುವಿನ ತಪ್ಪಲ್ಲ. ಜಾತ್ರೆ ಕೊಳಲಿಗೆ ತೂತುಗಳನ್ನು ಒಂದೇ ಅಳತೆ ಹಿಡಿದು ಬೇಗ ಬೇಗ ಕೊರೆದಿರುತ್ತಾರೆ. ಬಿದಿರು ಕಾರ್ಖಾನೆ ಪೈಪಲ್ಲ. ಒಂದು ಗೆಣ್ಣಿನ ಒಳಗಾತ್ರ ಇನ್ನೊಂದಕ್ಕೆ ಇರುವುದಿಲ್ಲ, ಒಂದರ ಗೋಡೆ ದಪ್ಪ, ಇನ್ನೊಂದರದ್ದು ತೆಳು. ಆದ್ದರಿಂದ ಅಳತೆ ಒಂದೇ ಇದ್ದರೂ ಸ್ವರ ಒಂದೇ ಬರುವುದಿಲ್ಲ. ಬಲ್ಲವರು ಕೊಳಲು ಮಾಡುವಾಗ ಬಿದಿರನ್ನು ತಿಂಗಳುಗಟ್ಟಲೆ ನೆರಳಲ್ಲಿ ಒಣಗಿಸಿ, ಕಾದ ಕಂಬಿಯಿಂದ ತೂತು ಸುಟ್ಟು, ಊದಿ ನೋಡಿ, ಕಿವಿಯಿಂದ ಅಳೆದು, ಸ್ವಲ್ಪ ಸ್ವಲ್ಪವೇ ತೂತು ದೊಡ್ಡದು ಮಾಡುತ್ತಾರೆ. ಸಂಘದಿಂದ ತರಿಸಿದ ಕೊಳಲೆಲ್ಲಾ ಹಾಗೆ ಮಾಡಿದ್ದು, ಎಲ್ಲವೂ ಒಂದೇ ಶ್ರುತಿ. ಶ್ರುತಿ ಒಂದೇ ಇಲ್ಲದಿದ್ದರೆ ಹತ್ತು ಮಕ್ಕಳು ಒಟ್ಟಿಗೆ ನುಡಿಸಿದಾಗ ಸಂತೆ ಆಗುತ್ತದೆ.

ಉದ್ದ ಸುಮಾರು ಒಂದೂವರೆ ಅಡಿ. ಕೊಳವೆ ಉದ್ದವಾದಷ್ಟೂ ಸ್ವರ ತಗ್ಗು, ಗಿಡ್ಡವಾದಷ್ಟೂ ಸ್ವರ ಎತ್ತರ. ಬೆರಳಿಂದ ತೂತು ಬಿಡುವುದು ಅಂದರೆ ಒಳಗಿನ ಗಾಳಿಯ ಉದ್ದವನ್ನು ಕಡಿಮೆ ಮಾಡುವುದು, ಅಷ್ಟೇ ಗುಟ್ಟು. ಪನ್ನಾಲಾಲರ ದೊಡ್ಡ ಕೊಳಲು ಮಕ್ಕಳ ಬೆರಳಿಗೆ ನಿಲುಕುವುದಿಲ್ಲ. ಅದಕ್ಕೇ ಸಣ್ಣದರಿಂದ ಶುರು.

ಮೊದಲ ವಾರ ಬೆರಳಿಗೆ ಕೆಲಸವೇ ಇಲ್ಲ. ಬಿಸಿ ಕಾಫಿ ಆರಿಸುವ ಹಾಗೆ ತುಟಿ ಮಾಡಿ, ಗಾಳಿಯನ್ನು ತೂತಿನ ಆಚೆ ಅಂಚಿಗೆ ತಗಲುವಂತೆ ಬಿಡಬೇಕು. ಒಳಕ್ಕೆ ತುಂಬಬಾರದು, ಅಂಚಿನಲ್ಲಿ ಸೀಳಬೇಕು. ಕೆಲವರಿಗೆ ಮೊದಲ ದಿನವೇ ನಾದ ಬರುತ್ತದೆ, ಕೆಲವರಿಗೆ ಹದಿನೈದು ದಿನ ಬರೀ ‘ಫೂ’ ಅಂತಲೇ ಬರುತ್ತದೆ. ತಲೆ ಸುತ್ತಿದರೆ ನಿಲ್ಲಿಸಿ ಕೂರಬೇಕು.

ನಾದ ಬಂದ ಮೇಲೆ ಬೆರಳು. ಬಾಯಿ ಕಡೆಯಿಂದ ಎಣಿಸಿ ಮೊದಲ ಮೂರು ತೂತು ಮುಚ್ಚಿ ಊದಿದರೆ ಸ. ಮೂರನೆಯದನ್ನು ಬಿಟ್ಟರೆ ರಿ. ಎರಡನೆಯದನ್ನೂ ಬಿಟ್ಟರೆ ಗ. ಮೊದಲನೆಯದನ್ನು ಅರ್ಧ ಮಾತ್ರ ಬಿಟ್ಟರೆ ಮ. ಆಮೇಲೆ ಆರೂ ತೂತು ಮುಚ್ಚಿ ಸ್ವಲ್ಪ ಬಿಗಿಯಾಗಿ ಊದಿದರೆ ಪ. ಕೊನೆಯ ತೂತು ಬಿಟ್ಟರೆ ದ, ಅದರ ಮೇಲಿನದೂ ಬಿಟ್ಟರೆ ನಿ, ಮತ್ತೆ ಮೂರು ಮುಚ್ಚಿ ಅದೇ ಬಿಗಿಯಲ್ಲಿ ಊದಿದರೆ ಮೇಲಿನ ಸ. ಇದು ಶಂಕರಾಭರಣದ ಸ್ವರ, ಉತ್ತರದವರು ಬಿಲಾವಲ್ ಅನ್ನುತ್ತಾರೆ. ಮ ಹೇಳುವಾಗ ಅರ್ಧ ತೂತಿನ ಬದಲು ಪೂರ್ತಿ ಬಿಟ್ಟುಬಿಟ್ಟರೆ ಅದೇ ಸ್ವರಗಳು ಕಲ್ಯಾಣಿಯವು ಆಗುತ್ತವೆ. ಬೆರಳು ಅರ್ಧ ಜರುಗಿದ್ದಕ್ಕೆ ರಾಗವೇ ಬೇರೆ! ಕರ್ನಾಟಕ ಸಂಗೀತದವರ ಕೊಳಲಿಗೆ ಎಂಟು ತೂತು, ಬೆರಳಿನ ಕ್ರಮ ಬೇರೆ. ನಮ್ಮ ಮಕ್ಕಳು ಹಿಡಿದಿರುವುದು ಆರು ತೂತಿನದು.

ಕೊಳಲನ್ನು ನೋಡಿಕೊಳ್ಳುವುದೂ ಸುಲಭ, ಆದರೆ ನೋಡಿಕೊಳ್ಳಬೇಕು. ನುಡಿಸಿದ ಮೇಲೆ ಒಳಗಿನ ತೇವ ಬಟ್ಟೆಯಿಂದ ಒರೆಸಬೇಕು. ಬಿಸಿಲಲ್ಲಿ, ಬೈಕಿನ ಡಿಕ್ಕಿಯಲ್ಲಿ, ಒಲೆ ಪಕ್ಕದಲ್ಲಿ ಇಡಬಾರದು, ಸೀಳು ಬಿಡುತ್ತದೆ. ಆಗಾಗ ಒಂದೆರಡು ಹನಿ ಸಾಸಿವೆ ಎಣ್ಣೆ ಒಳಗೆ ಸವರಬೇಕು. ಮೈಗೆ ದಾರ ಸುತ್ತಿರುವುದು ಬರೀ ಅಂದಕ್ಕಲ್ಲ, ಬಿದಿರು ಸೀಳದೆ ಇರಲಿ ಅಂತ. ಒಬ್ಬರ ಕೊಳಲನ್ನು ಇನ್ನೊಬ್ಬರು ಊದಬಾರದು. 2020ರ ಕೋವಿಡ್ ನಂತರ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಪ್ರತಿ ಮಗುವಿಗೂ ಒಂದೊಂದು ಕೊಳಲು.

ಕಾಸಿಗೆ ಅಗ್ಗವಾದ ಈ ವಾದ್ಯ ಹೊತ್ತಿಗೆ ಮಾತ್ರ ಅಗ್ಗ ಅಲ್ಲ. ಇದನ್ನು ತಂದೆ ತಾಯಂದಿರು ಮನಸ್ಸಿಗೆ ತಂದುಕೊಳ್ಳಬೇಕು. ಹಾಡುತ್ತಾ ಹಾಡುತ್ತಾ ರಾಗ ಅಂತ ಹಿರಿಯರು ಹೇಳಿದ್ದಾರೆ. ದಿನಾ ಅರ್ಧ ಗಂಟೆ ಬೇಕು. ಒಂದು ವಾರ ಬಿಟ್ಟರೆ ತುಟಿಗೆ ಮರೆತುಹೋಗುತ್ತದೆ. ಹಾಲಿಗೆ ನೀರು ಬಿದ್ದರೆ ನಮ್ಮ ಮಿಷನ್ನು ಹೇಳುತ್ತದೆ, ಕೊಳಲಿನವನು ಅಭ್ಯಾಸ ಬಿಟ್ಟರೆ ಕೇಳುವವನ ಕಿವಿಯೇ ಹೇಳುತ್ತದೆ. ನಮ್ಮ ಸಂಘ ಬೆಳೆದದ್ದೂ ಹಾಗೇ ಅಲ್ವಾ? 25 ವರ್ಷದ ಹಿಂದೆ ಯಾರೂ ಒಂದೇ ಸಲ ಲಕ್ಷ ತಂದು ಸುರಿಯಲಿಲ್ಲ. ಅರ್ಧ ಲೀಟರು, ಒಂದು ಲೀಟರು, ಹಬ್ಬ ಇರಲಿ ಮಳೆ ಇರಲಿ, ದಿನಾ ತಂದು ಹಾಕಿದ್ದಕ್ಕೆ ಈ ಕಟ್ಟಡ ನಿಂತಿದೆ.

ತರಗತಿ ಶುರುವಾದಾಗ 14 ಮಕ್ಕಳು ಬಂದರು. ಮೂರು ತಿಂಗಳ ಹೊತ್ತಿಗೆ 9 ಮಂದಿ ಉಳಿದರು. ಬಿಟ್ಟ ಐವರಲ್ಲಿ ಇಬ್ಬರಿಗೆ ಮನೆಯಲ್ಲಿ ನಕ್ಕರು, ‘ಏನೋ, ದನ ಕೂಗಿದ ಹಾಗೆ ಕೂಗಿಸ್ತೀಯಾ’ ಅಂದರಂತೆ. ಇಬ್ಬರಿಗೆ ಟ್ಯೂಷನ್ನು. ಒಬ್ಬನದು ಬೇರೆ ಕಾರಣ, ಅದನ್ನೂ ಹೇಳಿಬಿಡುತ್ತೇವೆ.

ನಮ್ಮೂರಿನ ಭಜನೆಯಲ್ಲಿ ಯಾರು ಗುಡಿಯ ಪಡಸಾಲೆಯಲ್ಲಿ ಕೂರಬೇಕು, ಯಾರು ಮೆಟ್ಟಿಲ ಕೆಳಗೆ ನಿಲ್ಲಬೇಕು ಅನ್ನೋ ಲೆಕ್ಕ ಬಹಳ ಕಾಲ ಇತ್ತು. ಅದು ಪೂರ್ತಿ ಹೋಗಿದೆ ಅಂತ ಈ ವೇದಿಕೆ ಮೇಲೆ ನಿಂತು ಸುಳ್ಳು ಹೇಳಲಾರೆವು. ತರಗತಿಯನ್ನು ಗುಡಿಯಲ್ಲಿ ಇಡೋಣ ಅಂತ ಕೆಲವರು ಹೇಳಿದಾಗ ಆಡಳಿತ ಮಂಡಳಿ ಬೇಡ ಅಂದದ್ದು ಇದೇ ಕಾರಣಕ್ಕೆ. ಹಾಲಿನ ಸಂಘದಲ್ಲಿ ಒಂದೇ ಸಾಲು. ಮುಂದೆ ಬಂದವನು ಮುಂದೆ, ಹಿಂದೆ ಬಂದವನು ಹಿಂದೆ. ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ, ಬಿದ್ದ ಮೇಲೆ ಯಾರ ಮನೆಯದು ಅಂತ ಹೇಳಲು ಯಾವ ಮಿಷನ್ನೂ ಇಲ್ಲ. ಹಾಗಿರುವಾಗ ಅದೇ ಕಟ್ಟಡದಲ್ಲಿ ಒಂದೇ ಚಾಪೆ ಮೇಲೆ ಮಕ್ಕಳು ಕೂತರೆ ತಪ್ಪೇನು? ಒಬ್ಬರು ತಮ್ಮ ಮಗನ ಪಕ್ಕ ಯಾರು ಕೂರುತ್ತಾರೆ ಅಂತ ನೋಡಿ ಮಗನನ್ನು ಬಿಡಿಸಿದರು. ಆ ಹುಡುಗ ಈಗಲೂ ಸಂಜೆ ಹಾಲು ಹಾಕಿದ ಮೇಲೆ ಕಿಟಕಿ ಹತ್ತಿರ ನಿಂತು ಕೇಳಿಸಿಕೊಂಡು ಹೋಗುತ್ತಾನೆ. ಅವನ ಕೊಳಲನ್ನು ಮೇಷ್ಟ್ರು ಹಾಗೇ ಬೀರುವಿನಲ್ಲಿ ಇಟ್ಟಿದ್ದಾರೆ. ಯಾರದ್ದೂ ಹೆಸರು ಹೇಳುವುದಿಲ್ಲ, ಯಾರನ್ನೂ ಬೈಯುವುದಕ್ಕೆ ಇದನ್ನು ಹೇಳುತ್ತಿಲ್ಲ. ಆ ಕೊಳಲು ಅವನಿಗಾಗಿಯೇ ಇದೆ ಅಂತ ತಿಳಿಸುವುದಕ್ಕೆ ಹೇಳಿದೆವು.

ಅಗ್ಗದ ವಾದ್ಯದ ಮೇಲೆ ನಾವು ಮರ್ಯಾದೆಯನ್ನೂ ಅಗ್ಗವಾಗಿಯೇ ಇಟ್ಟಿದ್ದೆವು. ತಮಟೆಯ ವಿಚಾರ ನೋಡಿ. ಮದುವೆಗೆ, ಜಾತ್ರೆಗೆ, ಸಾವಿಗೆ ತಮಟೆ ಬೇಕು, ಬಾರಿಸುವವರಿಗೆ ಮಾತ್ರ ಎಲೆ ದೂರ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ತಮಟೆಗಾಗಿಯೇ ಪದ್ಮಶ್ರೀ ಬಂತು. ದೇಶ ಗುರುತಿಸಿದ ಮೇಲಾದರೂ ಊರು ಗುರುತಿಸಬೇಕು. ಇವತ್ತು ಕೊಳಲಿನ ಮಕ್ಕಳ ಜೊತೆ ತಾಳಕ್ಕೆ ಕೂರುವವರು ನಮ್ಮೂರಿನ ತಮಟೆಯವರೇ. ವೇದಿಕೆ ಕೆಳಗಲ್ಲ, ವೇದಿಕೆ ಮೇಲೆ.

ಈ ರಜತ ಮಹೋತ್ಸವಕ್ಕೆ ಪಟ್ಟಣದಿಂದ ಆರ್ಕೆಸ್ಟ್ರಾ ತರಿಸಬೇಕು ಅಂತ ಒಂದು ಮಾತು ಬಂದಿತ್ತು. ಆರ್ಕೆಸ್ಟ್ರಾದವರ ಮೇಲೆ ನಮಗೆ ಸಿಟ್ಟಿಲ್ಲ, ಅವರದ್ದೂ ಹೊಟ್ಟೆಪಾಡು. ಆದರೆ ಒಂದು ರಾತ್ರಿಗೆ ಅವರಿಗೆ ಕೊಡುವ ದುಡ್ಡಿನಲ್ಲಿ ಊರಿನ ಮಕ್ಕಳಿಗೆಲ್ಲಾ ಕೊಳಲು ಬರುತ್ತದೆ. ಬೆಳಗಾದರೆ ಆರ್ಕೆಸ್ಟ್ರಾ ಲಾರಿ ಹತ್ತಿ ಹೋಗುತ್ತದೆ, ಕೊಳಲು ಇಲ್ಲೇ ಇರುತ್ತದೆ. ನಮ್ಮೂರಲ್ಲಿ ದನ ಮೇಯಿಸುತ್ತಾ ಕೊಳಲು ನುಡಿಸುತ್ತಿದ್ದ ಒಬ್ಬ ಅಜ್ಜ ಇದ್ದರು. ಭಜನೆಗೂ ಅವರೇ ಶ್ರುತಿ. ಅವರು ತೀರಿಕೊಂಡ ಮೇಲೆ ಅವರ ಕೈಯಲ್ಲಿದ್ದ ಪದಗಳ ಧಾಟಿಯೂ ಹೋಯಿತು, ಯಾಕೆಂದರೆ ಪಕ್ಕದಲ್ಲಿ ಕೂತು ಕಲಿತವರು ಒಬ್ಬರೂ ಇರಲಿಲ್ಲ. ಈಗ ಎಲ್ಲರ ಜೇಬಿನಲ್ಲೂ ಮೊಬೈಲು ಇದೆ, ಬೇಕಾದ ಹಾಡು ಬರುತ್ತದೆ. ಆದರೆ ಎಲ್ಲಾ ಕೇಳುವುದೇ ಆಯಿತು, ನುಡಿಸುವುದು ಇಲ್ಲ. ಹಾಲು ಕೊಂಡು ಕುಡಿಯುವ ಊರಿಗೂ ಹಾಲು ಕರೆಯುವ ಊರಿಗೂ ಇರುವ ವ್ಯತ್ಯಾಸವೇ ಇದು.

ಇನ್ನು ಸಂಘದ ಕೆಲಸವಾ ಇದು ಅನ್ನೋ ಪ್ರಶ್ನೆ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಸಹಕಾರ ಅಂದರೆ ಬರೀ ಲೇವಾದೇವಿ ಅಂತ ಯಾರೂ ಹೇಳಿಲ್ಲ. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ ಮ್ಯಾಂಚೆಸ್ಟರ್‌ನಲ್ಲಿ ಸೇರಿ ಏಳು ಸಹಕಾರ ತತ್ವಗಳನ್ನು ಒಪ್ಪಿತು. ಐದನೆಯದು ಶಿಕ್ಷಣ, ಏಳನೆಯದು ಊರಿನ ಜನ ಸಮುದಾಯದ ಬಗ್ಗೆ ಕಾಳಜಿ. ನಮ್ಮ ಆಫೀಸಿನ ಗೋಡೆ ಮೇಲೆ ಆ ಏಳೂ ತತ್ವ ಬರೆಸಿ ಹಾಕಿದ್ದೇವೆ. ಗೋಡೆಗೆ ಮಾತ್ರ ಇದ್ದರೆ ಸಾಲದು.

ಹೊಲದ ಬದುವಿನಲ್ಲಿ ಬಿದಿರು ಹಾಕಿದವರು ‘ನಮ್ಮ ಬಿದಿರಲ್ಲೇ ಕೊಳಲು ಮಾಡಬಹುದಾ?’ ಅಂತ ಕೇಳುತ್ತಾರೆ. ಕಿರುಬಿದಿರು ಒಳಗೆ ಗಟ್ಟಿ, ದೊಣ್ಣೆಗೆ ಸರಿ, ಕೊಳಲಿಗೆ ಆಗದು. ಕೊಳಲಿಗೆ ಗೋಡೆ ತೆಳುವಾಗಿ, ಗೆಣ್ಣು ದೂರ ದೂರ ಇರುವ ಜಾತಿ ಬೇಕು, ಮಲೆನಾಡಿನ ವಾಟೆಯಂಥದ್ದು. ಕೊಳಲಿಗೆ ಹೆಸರಾದ ಉತ್ತರ ಪ್ರದೇಶದ ಪೀಲಿಭೀತ್‌ನವರೂ ಬಿದಿರನ್ನು ಅಸ್ಸಾಂ ಕಡೆಯಿಂದ ತರಿಸಿಕೊಳ್ಳುತ್ತಾರೆ. ಇನ್ನೊಂದು ವಿಚಾರ. ಕೇಂದ್ರದ ಅರಣ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಗಿ, ಕಾಡಿನ ಹೊರಗೆ ಬೆಳೆದ ಬಿದಿರು ಮರದ ಲೆಕ್ಕದಿಂದ ಹೊರಗೆ ಬಂದಿದೆ. ಸಸ್ಯಶಾಸ್ತ್ರದಲ್ಲಿ ಅದು ಮೊದಲಿಂದಲೂ ಹುಲ್ಲಿನ ಜಾತಿಯೇ. ನಮ್ಮ ಹಸು ತಿನ್ನುವ ನೇಪಿಯರ್ ಹುಲ್ಲಿನ ದೂರದ ನೆಂಟ.

ಕೊನೆಯದಾಗಿ ಸದಸ್ಯರಲ್ಲಿ ಮೂರು ವಿನಂತಿ. ಒಂದನೆಯದು, ಎಂಟು ವರ್ಷ ದಾಟಿದ ಮಕ್ಕಳನ್ನು ಕಳಿಸಿ, ಗಂಡಾಗಲಿ ಹೆಣ್ಣಾಗಲಿ. ಎರಡನೆಯದು, ಮೊದಲ ಮೂರು ತಿಂಗಳು ಮನೆಯಲ್ಲಿ ಯಾರೂ ನಗಬೇಡಿ. ಹೊಸದಾಗಿ ಹಾಲು ಕರೆಯಲು ಕೂತಾಗ ನಮ್ಮ ಕೈಗೂ ಹಾಲು ಬಂದಿರಲಿಲ್ಲ, ಆಗ ಯಾರಾದರೂ ನಕ್ಕಿದ್ದರೆ ಎದ್ದು ಹೋಗುತ್ತಿದ್ದೆವು. ಮೂರನೆಯದು, ನಿಮ್ಮ ಮನೆಯ ಅಜ್ಜ ಅಜ್ಜಿಯರಿಗೆ ಹಳೆಯ ಸೋಬಾನೆ, ಭಜನೆ, ರಾಗಿ ಬೀಸುವ ಪದದ ಧಾಟಿ ಗೊತ್ತಿದ್ದರೆ ಒಂದು ಸಂಜೆ ಸಂಘಕ್ಕೆ ಕರೆದುಕೊಂಡು ಬನ್ನಿ. ಮಕ್ಕಳು ಅದನ್ನು ಕೊಳಲಿಗೆ ಇಳಿಸಿಕೊಳ್ಳುತ್ತಾರೆ. ಅಜ್ಜ ಅಜ್ಜಿಯರು ಇರುವಾಗಲೇ ಆ ಕೆಲಸ ಆಗಬೇಕು.

ದುಡ್ಡು ತೆಗೆದುಕೊಳ್ಳದೆ ಕಲಿಸುತ್ತಿರುವ ನಿವೃತ್ತ ಮೇಷ್ಟ್ರಿಗೆ, ಸಂಜೆ ಹಾಲು ಅಳೆದಾದ ಮೇಲೂ ಬೀಗ ಹಾಕದೆ ಕಾಯುವ ನಮ್ಮ ಕಾರ್ಯದರ್ಶಿಗಳಿಗೆ ಸಂಘದ ಪರವಾಗಿ ವಂದನೆಗಳು. ಈಗ ಆ 9 ಮಕ್ಕಳು ನುಡಿಸುತ್ತಾರೆ. ಒಂದೆರಡು ಕಡೆ ತಪ್ಪಬಹುದು, ತಪ್ಪಿದರೂ ನಿಲ್ಲಿಸಬೇಡಿ ಅಂತ ಅವರಿಗೆ ಹೇಳಿದ್ದೇವೆ. ತಾವು ಮೈಕಿನ ಹತ್ತಿರ ಮಾತಾಡದೆ, ಮುಗಿಯುವವರೆಗೆ ಕೂತು ಕೇಳಬೇಕು ಅಂತ ಪ್ರಾರ್ಥಿಸಿ ನಮ್ಮ ಎರಡು ಮಾತು ಮುಗಿಸುತ್ತೇವೆ.

ಜೈ ಸಹಕಾರ, ಜೈ ಕರ್ನಾಟಕ.